ಸಿಡಿಲು ಬಡಿದ ಎರಡು ಡಿಸ್ಕ್, ಎಸ್.ಪಿ. ರೋಡಿನ ಎರಡನೇ ಮಹಡಿ

ಸೇವೆ: ಕೆಟ್ಟ ಡಿಸ್ಕಿನಿಂದ ಡೇಟಾ ತೆಗೆದುಕೊಡೋದು. ಜಾಗ: ಬೆಂಗಳೂರಿನ ಎಸ್.ಪಿ. ರೋಡ್, ಒಂದು ಹಳೇ ಕಟ್ಟಡದ ಎರಡನೇ ಮಹಡಿ. ಕೊಟ್ಟ ದುಡ್ಡು: 7,000 ರೂಪಾಯಿ, ಹೊಸ ಡಿಸ್ಕಿನ ಬೆಲೆ ಬೇರೆ. ನನ್ನ ಸ್ಟಾರ್: ಐದಕ್ಕೆ ನಾಲ್ಕು.

ಅಂಗಡಿ ಹೆಸರು ಹಾಕುತ್ತಿಲ್ಲ. ಕೆಳಗೆ ಒಂದೆರಡು ದೂರು ಇವೆ, ಹೆಸರು ಹಿಡಿದು ದೂರೋದು ನನಗೆ ಆಗಿಬರಲ್ಲ. ಆ ರಸ್ತೆಯಲ್ಲಿ ಇಂಥ ಅಂಗಡಿಗಳು ಬೇಕಾದಷ್ಟಿವೆ. ಒಳ್ಳೆಯದು ಯಾವುದು ಅಂತ ಗುರುತು ಹಿಡಿಯೋಕೆ ಈ ಬರಹ ಸ್ವಲ್ಪ ಉಪಯೋಗಕ್ಕೆ ಬರಬಹುದು.

ನಾನು ಮಲೆನಾಡಿನ ಸಾಗರದಲ್ಲಿ ಕೂತು ಅಡಿಕೆ ಮಂಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಬರೆಯುತ್ತೇನೆ. ಕಂಪನಿ ಅಂತ ಏನಿಲ್ಲ. ನಾನು, ಒಂದು ಟೇಬಲ್ಲು, ನಾನೇ ಜೋಡಿಸಿಕೊಂಡ ಒಂದು ಡೆಸ್ಕ್‌ಟಾಪ್. ರಾಶಿ, ಚಾಲಿ, ಕೆಂಪುಗೋಟು, ಬಿಳಿಗೋಟು, ಕೋಕಾ, ಸಿಪ್ಪೆಗೋಟು ಅಂತ ಬಗೆಬಗೆ ಅಡಿಕೆಯ ಲಾಟ್ ಮಂಡಿಗೆ ಬರುತ್ತೆ. ಟೆಂಡರ್ ಆಗುತ್ತೆ, ತೂಕ ಆಗುತ್ತೆ. ಚೀಲದ ತೂಕ ಕಳೆದು, ರೈತರು ಮೊದಲೇ ತೆಗೆದುಕೊಂಡ ಮುಂಗಡ ಮತ್ತು ಅದರ ಬಡ್ಡಿ ಕಳೆದು, ಕೊನೆಗೆ ಒಂದು ಪಟ್ಟಿ ಪ್ರಿಂಟ್ ಆಗುತ್ತೆ. ಆ ಪಟ್ಟಿಯಲ್ಲಿ ಹತ್ತು ರೂಪಾಯಿ ಹೆಚ್ಚುಕಮ್ಮಿ ಆದರೂ ನನಗೆ ಫೋನ್ ಬರುತ್ತೆ. ಹನ್ನೊಂದು ವರ್ಷದಿಂದ ಅದೇ ಒಂದು ಪ್ರೋಗ್ರಾಂ. ಸಿ ಶಾರ್ಪ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು, ಪ್ರತಿ ಸೀಸನ್ನಿಗೂ ಒಂದಿಷ್ಟು ಬೆಳೆಯುತ್ತಾ ಬಂದದ್ದು.

ಏಪ್ರಿಲ್ ಕೊನೆಯ ವಾರ. ಮಲೆನಾಡಿನವರಿಗೆ ಇದನ್ನು ಹೇಳಬೇಕಾಗಿಲ್ಲ, ಮಧ್ಯಾಹ್ನ ಮೂರರ ಮೇಲೆ ಮೋಡ ಕಟ್ಟಿತು ಅಂದರೆ ಮನೆಯ ಪ್ಲಗ್ಗೆಲ್ಲ ಕೀಳಬೇಕು. ಅಮ್ಮ ಟಿವಿಯದು ತೆಗೆದರು, ಫ್ರಿಜ್ಜಿನದು ತೆಗೆದರು, ನನ್ನ ಕೋಣೆ ಬಾಗಿಲಿಗೆ ಬಂದು "ನಿಂದು?" ಅಂದರು.

"ಯುಪಿಎಸ್ ಇದೆಯಲ್ಲ" ಅಂದೆ.

ಯುಪಿಎಸ್ ಇರೋದು ಕರೆಂಟ್ ಹೋದಾಗ ಹತ್ತು ನಿಮಿಷ ಕೊಡೋಕೆ. ಹತ್ತಿರದಲ್ಲೇ ಸಿಡಿಲು ಬಿದ್ದರೆ ಅದು ಏನೂ ಮಾಡಲ್ಲ. ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿತ್ತು. ಪ್ರೋಗ್ರಾಮಿನ ಟೆಂಡರ್ ಫಾರಂನಲ್ಲಿ ಒಂದು ತಪ್ಪು ಸಿಗೋ ಹಾಗಿತ್ತು, ಎದ್ದು ಹೋಗೋಕೆ ಮನಸ್ಸಾಗಲಿಲ್ಲ, ಅಷ್ಟೇ. ಹಿಂದಿನ ಮನೆಯವರ ತೆಂಗಿನ ಮರಕ್ಕೆ ಬಡಿಯಿತು. ಬೆಳಕು, ಸದ್ದು ಎರಡೂ ಒಟ್ಟಿಗೇ. ಮಾನಿಟರ್ ಕಪ್ಪಾಯಿತು, ಯುಪಿಎಸ್ ಒಂದೇ ಸಮನೆ ಕೂಗತೊಡಗಿತು, ಕೋಣೆ ತುಂಬಾ ಸುಟ್ಟ ಪ್ಲಾಸ್ಟಿಕ್ ವಾಸನೆ. ಅಮ್ಮ ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಜಾಸ್ತಿ ಚುಚ್ಚಿತು.

ಮರುದಿನ ಬಿಚ್ಚಿ ನೋಡಿದೆ. ಕಂಪ್ಯೂಟರಿನ ಒಳಗೆ ಕರೆಂಟ್ ಹಂಚೋ ಎಸ್‌ಎಂಪಿಎಸ್ ಸತ್ತಿತ್ತು, ಮದರ್‌ಬೋರ್ಡ್ ಸತ್ತಿತ್ತು. ಒಳಗೆ ಎರಡು ಡಿಸ್ಕ್ ಇದ್ದವು. ಕೆಲಸದ ಕೋಡ್ ಎಲ್ಲಾ ಎಸ್‌ಎಸ್‌ಡಿಯಲ್ಲಿ, ಅಂದರೆ ತಿರುಗೋ ತಟ್ಟೆ ಇಲ್ಲದ ಬರೀ ಚಿಪ್ಪಿನ ಡಿಸ್ಕಿನಲ್ಲಿ, ಕೋಡಿನಿಂದ ಪ್ರೋಗ್ರಾಂ ಬೇಗ ಬಿಲ್ಡ್ ಆಗುತ್ತೆ ಅಂತ. ಬ್ಯಾಕಪ್ ಪಕ್ಕದ 1 ಟಿಬಿ ಹಾರ್ಡ್ ಡಿಸ್ಕಿನಲ್ಲಿ. ಒಂದೇ ಡಬ್ಬದಲ್ಲಿ, ಒಂದೇ ಎಸ್‌ಎಂಪಿಎಸ್‌ನ ಕರೆಂಟಿಗೆ, ಎರಡರ ಮಧ್ಯೆ ನಾಲ್ಕು ಬೆರಳು ಜಾಗ. ಇದನ್ನು ನಾನು ಹನ್ನೊಂದು ವರ್ಷ ಬ್ಯಾಕಪ್ ಅಂತ ಕರೆಯುತ್ತಿದ್ದೆ.

"ಗಿಟ್ ಇರಲಿಲ್ವಾ?" ಅಂತ ಆಮೇಲೆ ಎಲ್ಲರೂ ಕೇಳಿದರು. ಇತ್ತು ಸ್ವಾಮಿ. ಕೋಡಿನಲ್ಲಿ ಮಾಡಿದ ಬದಲಾವಣೆಗಳನ್ನೆಲ್ಲ ದಾಖಲಿಸಿಡೋ ಸಾಧನ ಅದು, ಒಂದೊಂದು ದಾಖಲೆಗೆ ಕಮಿಟ್ ಅಂತಾರೆ. ಸಾವಿರದ ಒಂಬೈನೂರಕ್ಕೂ ಮೇಲೆ ಕಮಿಟ್ ಇದ್ದವು. ಗಿಟ್‌ನ ಚೆಂದವೇ ಅದು, ಕ್ಲೋನ್ ಮಾಡಿಕೊಂಡ, ಅಂದರೆ ನಕಲು ಇಳಿಸಿಕೊಂಡ, ಪ್ರತಿಯೊಬ್ಬರ ಹತ್ತಿರವೂ ಮೊದಲಿನಿಂದ ಕೊನೆಯವರೆಗಿನ ಪೂರ್ತಿ ಚರಿತ್ರೆ ಇರುತ್ತೆ. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಅದನ್ನು ಮಾಡಿದ್ದು ಲಿನಕ್ಸ್ ಬರೆಯೋ ನೂರಾರು ಜನಕ್ಕೆ. ನನ್ನ ಪ್ರಾಜೆಕ್ಟಿಗೆ ಇದ್ದವನು ನಾನೊಬ್ಬ. ಕ್ಲೋನ್ ಮಾಡಿಕೊಳ್ಳೋಕೆ ಇನ್ಯಾರಿದ್ದರು? ಗಿಟ್‌ನ ಫೋಲ್ಡರ್ ಪ್ರಾಜೆಕ್ಟ್ ಫೋಲ್ಡರಿನ ಒಳಗೇ ಕೂತಿರುತ್ತೆ. ಡಿಸ್ಕ್ ಹೋದರೆ ಇಬ್ಬರೂ ಜೊತೆಯಾಗಿ ಹೋಗ್ತಾರೆ.

ಮೊದಲು ಹತ್ತಿರದ ಊರಿನ ಒಂದು ರಿಪೇರಿ ಅಂಗಡಿಗೆ ಕೊಟ್ಟೆ. ಇದರ ಬಗ್ಗೆ ಜಾಸ್ತಿ ಬರೆಯಲ್ಲ. ನಾಲ್ಕು ದಿನ ಇಟ್ಟುಕೊಂಡು "ಡೆಡ್ ಸಾರ್" ಅಂತ ವಾಪಸ್ ಕೊಟ್ಟರು. ಹಾರ್ಡ್ ಡಿಸ್ಕಿನ ಮುಚ್ಚಳದ ಒಂದು ಸ್ಕ್ರೂ ತಲೆಯಲ್ಲಿ ಹೊಸ ಗೀರು ಇತ್ತು. "ಬಿಚ್ಚಿದ್ರಾ?" ಅಂದರೆ "ಟ್ರೈ ಮಾಡಿದ್ವಿ, ಬರಲಿಲ್ಲ" ಅಂದರು. ಮೈ ಬೆವರಿತು. ಹಾರ್ಡ್ ಡಿಸ್ಕಿನ ಒಳಗೆ ಓದೋ ಹೆಡ್ಡು ತಟ್ಟೆಯ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲ್ತಾ ಇರುತ್ತೆ. ನಮ್ಮ ಅಂಗಡಿಗಳಲ್ಲಿ ಹಾರಾಡೋ ಧೂಳಿನ ಕಣ ಅದರ ಮುಂದೆ ಗುಡ್ಡ. ಪುಣ್ಯಕ್ಕೆ ಆ ಸ್ಕ್ರೂ ಅವರ ಕೈಗೆ ಬಗ್ಗಿರಲಿಲ್ಲ.

ತಾಳಗುಪ್ಪದಿಂದ ಬರೋ ರಾತ್ರಿ ರೈಲು ಹಿಡಿದೆ. ಎರಡು ಡಿಸ್ಕನ್ನೂ ಹಳೇ ಬನಿಯನ್ನಿನಲ್ಲಿ ಸುತ್ತಿ ಟಿಫನ್ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೆ. ಬೆಳಗಿನ ಜಾವ ಬೆಂಗಳೂರು. ಎಸ್.ಪಿ. ರೋಡ್ ಅಂದರೆ ಸಾದರ ಪತ್ರಪ್ಪ ರಸ್ತೆ, ಮೆಜೆಸ್ಟಿಕ್‌ನಿಂದ ಮೆಟ್ರೋದಲ್ಲಿ ಒಂದೇ ಸ್ಟಾಪು, ಚಿಕ್ಕಪೇಟೆಯಲ್ಲಿ ಇಳಿದು ನಡೆದರೆ ಆಯಿತು. ಆದರೆ ಅಲ್ಲಿ ಹತ್ತೂವರೆಗೆ ಮುಂಚೆ ಶಟರ್ ಏಳಲ್ಲ. ಎರಡು ಸಲ ಕಾಫಿ ಕುಡಿದು ಕಾದೆ. ಹನ್ನೊಂದರ ಹೊತ್ತಿಗೆ ರಸ್ತೆ ತುಂಬಿತು. ಕೇಬಲ್ ಸುರುಳಿ ಹೊತ್ತವರು, ಮಾನಿಟರ್ ಡಬ್ಬ ತಬ್ಬಿಕೊಂಡು ಸ್ಕೂಟರ್ ಹಿಂದೆ ಕೂತವರು, "ಏನ್ ಬೇಕು ಸಾರ್, ರ್‍ಯಾಮಾ, ಎಸ್‌ಎಸ್‌ಡಿನಾ" ಅಂತ ಕೈ ಹಿಡಿದು ಎಳೆಯೋ ಹುಡುಗರು.

ಗೆಳೆಯನೊಬ್ಬ ಹೇಳಿದ್ದ ಕಟ್ಟಡ ಸಿಕ್ಕಿತು. ಮೆಟ್ಟಿಲು ಕಡಿದು, ಕತ್ತಲು. ಮಂಡಿ ನೋವಿರೋರಿಗೆ ಕಷ್ಟ. ಮೇಲೆ ಹತ್ತಡಿ ಅಗಲದ ಕೋಣೆ. ಗೋಡೆ ತುಂಬಾ ಚಿಕ್ಕ ಚಿಕ್ಕ ಡ್ರಾಯರ್, ಪ್ರತಿಯೊಂದರಲ್ಲೂ ಬಿಡಿಭಾಗಕ್ಕೆ ಇಟ್ಟುಕೊಂಡ ಹಳೇ ಡಿಸ್ಕು. ಕೂತಿದ್ದವರಿಗೆ ಐವತ್ತರ ಮೇಲೆ ವಯಸ್ಸು, ಹಣೆಗೆ ಸಿಕ್ಕಿಸಿಕೊಂಡ ಲೆನ್ಸು. ನಾನು ಕಥೆ ಶುರುಮಾಡಿದ ಕೂಡಲೇ ತಡೆದರು.

"ಸಿಡಿಲಾ? ಆಮೇಲೆ ಎಷ್ಟು ಸಲ ಕರೆಂಟ್ ಕೊಟ್ರಿ?"

ಮೂರು ಸಲ ಅಂದೆ. ಮುಖ ಹಿಂಡಿದರು. "ಇನ್ಮೇಲೆ ಕೊಡಬೇಡಿ."

ಈ ಮೊದಲ ಪ್ರಶ್ನೆಗೇ ನನಗೆ ಅರ್ಧ ನಂಬಿಕೆ ಬಂತು. ಹಿಂದಿನ ಅಂಗಡಿಯಲ್ಲಿ ಕೇಳಿದ ಮೊದಲ ಪ್ರಶ್ನೆ "ಎಷ್ಟು ಜಿಬಿ?" ಅಂತ.

ನೋಡೋಕೆ 500 ರೂಪಾಯಿ, ಡೇಟಾ ಬಂದರೂ ಬರದಿದ್ದರೂ. ಬಂದರೆ ಮಾತ್ರ ಉಳಿದ ದುಡ್ಡು. ಎಷ್ಟು ಅಂತ ನೋಡಿದ ಮೇಲೆ ಹೇಳ್ತಾರೆ, ನೀವು ಬೇಡ ಅಂದರೆ ಡಿಸ್ಕ್ ವಾಪಸ್. ಇದೆಲ್ಲ ಬಾಯಿಮಾತಲ್ಲೇ.

ಮೊದಲು ಹಾರ್ಡ್ ಡಿಸ್ಕ್ ತೆಗೆದುಕೊಂಡರು. ಕೆಳಗಿನ ಹಸಿರು ಬೋರ್ಡು ಬಿಚ್ಚಿ ಲೆನ್ಸ್ ಇಳಿಸಿಕೊಂಡರು. ಕರೆಂಟ್ ಒಳಗೆ ಬರೋ ಜಾಗದ ಪಕ್ಕದಲ್ಲಿ ಎರಡು ಕಪ್ಪು ತುಂಡುಗಳು, ಒಂದೊಂದೂ ಒಂದು ಅಕ್ಕಿ ಕಾಳಿನಷ್ಟು. ಮಲ್ಟಿಮೀಟರಿನ ಎರಡು ಮುಳ್ಳನ್ನು ಒಂದಕ್ಕೆ ತಾಗಿಸಿದರು. ಸದ್ದಿಲ್ಲ. ಇನ್ನೊಂದಕ್ಕೆ ತಾಗಿಸಿದರು. "ಪೀ" ಅಂತ ಒಂದೇ ಸಮನೆ ಕೂಗಿತು. ಅವರು ಮೊದಲ ಸಲ ನಕ್ಕರು.

"ಟಿವಿಎಸ್ ಡಯೋಡ್" ಅಂದರು. "ಸ್ಕೂಟರ್ ಅಲ್ಲ."

ಒಂದು 5 ವೋಲ್ಟಿನ ದಾರಿಗೆ, ಇನ್ನೊಂದು 12 ವೋಲ್ಟಿನದಕ್ಕೆ. ಮಿತಿ ಮೀರಿ ವೋಲ್ಟೇಜ್ ಬಂದರೆ ಈ ಡಯೋಡ್ ತಾನೇ ಶಾರ್ಟ್ ಆಗಿ ಎಲ್ಲವನ್ನೂ ನೆಲಕ್ಕೆ ಹರಿಸಿಬಿಡುತ್ತೆ. ಹಿಂದಿರೋ ಚಿಪ್ಪುಗಳು ಉಳಿದುಕೊಳ್ಳುತ್ತವೆ. ಆದರೆ ಶಾರ್ಟ್ ಆದ ಡಯೋಡ್ ಹಾಗೇ ಕೂತಿರೋದರಿಂದ ಆಮೇಲೆ ಯಾವ ಎಸ್‌ಎಂಪಿಎಸ್‌ಗೆ ಸಿಕ್ಕಿಸಿದರೂ ಡಿಸ್ಕ್ ಏಳಲ್ಲ, ಹೊರಗಿನಿಂದ ನೋಡಿದವರಿಗೆ ಸತ್ತ ಹಾಗೆ ಕಾಣುತ್ತೆ. ನಾಲ್ಕು ದಿನ ಇಟ್ಟುಕೊಂಡವರು ಇದಕ್ಕೊಂದು ಮುಳ್ಳು ತಾಗಿಸಿ ನೋಡಿರಲಿಲ್ಲ. ಒಂದು ಚಿಕ್ಕ ಕಟ್ಟರ್‌ನಿಂದ ಆ ಕಾಳನ್ನು ಚಿಟುಕ್ಕನೆ ಕತ್ತರಿಸಿ ನನ್ನ ಅಂಗೈಗೆ ಹಾಕಿದರು. ಬೋರ್ಡು ತಿರುಗಿ ಹಾಕಿ ಕರೆಂಟ್ ಕೊಟ್ಟರು. ಡಿಸ್ಕು ಸುಂಯ್ ಅಂತ ತಿರುಗತೊಡಗಿತು. ನಾನು ಕೂತಲ್ಲೇ ಎದ್ದು ನಿಂತೆ.

"ಕೂತ್ಕೊಳ್ಳಿ, ಇನ್ನೂ ಇದೆ" ಅಂದರು.

ಇನ್ನು ಮುಂದೆ ಆ ಡಿಸ್ಕಿಗೆ ಕಾವಲು ಇಲ್ಲ, ಹಾಗಾಗಿ ಒಂದು ಸಲ ಪೂರ್ತಿ ಪ್ರತಿ ತೆಗೆಯೋದು, ಆಮೇಲೆ ಅದನ್ನು ಬಳಸೋದೇ ಬೇಡ. ವಿಂಡೋಸ್‌ಗೆ ಸಿಕ್ಕಿಸಲಿಲ್ಲ. ವಿಂಡೋಸ್ ಕಂಡದ್ದಕ್ಕೆಲ್ಲ ಕೈ ಹಾಕುತ್ತೆ, ರಿಪೇರಿ ಮಾಡ್ಲಾ ಅಂತ ಕೇಳುತ್ತೆ. ಲಿನಕ್ಸ್ ಯಂತ್ರಕ್ಕೆ ಸಿಕ್ಕಿಸಿ ಡಿಡಿರೆಸ್ಕ್ಯೂ ಓಡಿಸಿದರು. ದೊಡ್ಡ ಲ್ಯಾಬುಗಳಲ್ಲಿ ಪಿಸಿ-3000 ಅನ್ನೋ ದುಬಾರಿ ಯಂತ್ರ ಇರುತ್ತೆ, ಇಲ್ಲಿ ಇಲ್ಲ. ಆದರೆ ಡಿಡಿರೆಸ್ಕ್ಯೂ ಪುಕ್ಕಟೆ ಸಿಗೋ ಸಾಧನವಾದರೂ ಅದರ ಬುದ್ಧಿ ಮೆಚ್ಚಬೇಕು. ಮೊದಲ ಸುತ್ತಿನಲ್ಲಿ ಸಲೀಸಾಗಿ ಬರೋದನ್ನೆಲ್ಲ ಎತ್ತಿಕೊಳ್ಳುತ್ತೆ. ಕಷ್ಟದ ಜಾಗ ಬಂದರೆ ಅಲ್ಲೇ ಗುದ್ದಾಡದೆ ಹಾರಿ ಮುಂದೆ ಹೋಗುತ್ತೆ, ಎಲ್ಲಿ ಹಾರಿದೆ ಅಂತ ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತೆ. ಆಮೇಲೆ ಆ ಜಾಗಗಳಿಗೆ ವಾಪಸ್ ಬಂದು ನಿಧಾನಕ್ಕೆ ಕೆರೆಯುತ್ತೆ. ಸಾಯೋ ಡಿಸ್ಕಿನ ಹತ್ತಿರ ಎಷ್ಟು ಹೊತ್ತು ಇದೆಯೋ ಗೊತ್ತಿಲ್ಲ, ಅದಕ್ಕೇ ಸುಲಭದ್ದು ಮೊದಲು.

ಆಮೇಲೆ ಎಸ್‌ಎಸ್‌ಡಿ. ಇದಕ್ಕೆ ಹತ್ತೇ ನಿಮಿಷ ಹಿಡಿಯಿತು. ಕರೆಂಟ್ ಕೊಟ್ಟರೆ ಒಂದು ಚಿಪ್ಪು ಬೆರಳಿಡೋಕೆ ಆಗದಷ್ಟು ಬಿಸಿ. ಅದು ಕಂಟ್ರೋಲರ್. ಎಸ್‌ಎಸ್‌ಡಿಯಲ್ಲಿ ನಮ್ಮ ಒಂದು ಫೈಲು ಒಂದೇ ಕಡೆ ಇರಲ್ಲ, ತುಂಡುತುಂಡಾಗಿ ಹತ್ತಾರು ಕಡೆ ಚೆಲ್ಲಿರುತ್ತೆ. ಯಾವುದು ಎಲ್ಲಿದೆ ಅಂತ ಗೊತ್ತಿರೋದು ಕಂಟ್ರೋಲರ್‌ಗೆ ಮಾತ್ರ. ಎಷ್ಟೋ ಎಸ್‌ಎಸ್‌ಡಿಗಳಲ್ಲಿ ಅದು ಬರೆಯುವಾಗಲೇ ಗುಪ್ತಲಿಪಿ ಮಾಡಿ ಬರೆಯುತ್ತೆ.

"ಮೆಮೊರಿ ಚಿಪ್ ಕಿತ್ತು ಓದಬಹುದು. ಆದರೆ ಬರೋದು ಕಸ. ಈ ಮಾಡೆಲ್ಲು ನನ್ನ ಕೈಲಿ ಆಗಲ್ಲ. ಆಗುತ್ತೆ ಅಂತ ಯಾರಾದ್ರೂ ಮುಂಗಡ ಕೇಳಿದ್ರೆ ಕೊಡಬೇಡಿ" ಅಂದರು.

ನಾನು ಒಂದಷ್ಟು ಹೊತ್ತು ಸುಮ್ನೆ ಕೂತೆ. ಹಾರ್ಡ್ ಡಿಸ್ಕಿನಲ್ಲಿ ಬ್ಯಾಕಪ್ ಅಂತ ಇದ್ದ ಕೋಡಿನ ಜಿಪ್ ಫೈಲು ನವೆಂಬರ್ 12ರದ್ದು. ಅಂದರೆ ಐದೂವರೆ ತಿಂಗಳ ಕೆಲಸ, ಅದೂ ಇಡೀ ಸೀಸನ್ನಿನ ಕೆಲಸ, ಆ ಬಿಸಿ ಚಿಪ್ಪಿನ ಹಿಂದೆ. ಬ್ಯಾಕ್‌ಬ್ಲೇಜ್ ಅನ್ನೋ ಬ್ಯಾಕಪ್ ಕಂಪನಿ 2013ರಿಂದ ತನ್ನ ಡಿಸ್ಕುಗಳ ಲೆಕ್ಕ ಇಡುತ್ತಾ ಬಂದಿದೆ. ಇತ್ತೀಚಿನ ವರ್ಷಗಳಲ್ಲಿ ನೂರಕ್ಕೆ ಸುಮಾರು ಒಂದೂವರೆ ಡಿಸ್ಕ್ ವರ್ಷದಲ್ಲಿ ಕೆಡುತ್ತೆ ಅಂತ ಅದರ ಅಂಕಿ. ಅದನ್ನು ಓದಿ ನೂರಕ್ಕೆ ಒಂದೂವರೆ ತಾನೇ ಅಂತ ನಾನು ಆರಾಮಾಗಿದ್ದೆ. ಅವರ ಡಿಸ್ಕುಗಳ ಹಿಂದೆ ತೆಂಗಿನ ಮರ ಇರಲ್ಲ.

ಅಷ್ಟರಲ್ಲಿ ಒಬ್ಬ ಇಂಜಿನಿಯರಿಂಗ್ ಹುಡುಗ ಬಂದ, ಕೊನೆಯ ವರ್ಷ. ಲ್ಯಾಪ್‌ಟಾಪಿನ ಮೇಲೆ ಚಹಾ ಚೆಲ್ಲಿದೆ, ಸೋಮವಾರ ಪ್ರಾಜೆಕ್ಟ್ ತೋರಿಸಬೇಕು. ಎಸ್‌ಎಸ್‌ಡಿ ಚೆನ್ನಾಗೇ ಇತ್ತು, ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದರೆ 48 ಅಂಕಿಯ ಬಿಟ್‌ಲಾಕರ್ ಕೀ ಕೇಳಿತು. "ನಾನು ಯಾವ ಲಾಕೂ ಹಾಕಿಲ್ಲ ಅಂಕಲ್" ಅಂತ ಅಳೋ ಹಾಗಾದ. ಅವನು ಹಾಕಿಲ್ಲ, ವಿಂಡೋಸ್ ತಾನೇ ಹಾಕಿದೆ. ಈಗಿನ ಎಷ್ಟೋ ಲ್ಯಾಪ್‌ಟಾಪಿನಲ್ಲಿ ಹಾಗೇ. ಅವನ ಫೋನಿನಲ್ಲೇ ಮೈಕ್ರೋಸಾಫ್ಟ್ ಖಾತೆಗೆ ಹೋಗಿಸಿ ಕೀ ತೆಗೆಸಿದರು. ಹುಡುಗ ಆರಾರು ಅಂಕಿ ಓದಿದ, ಇವರು ಒತ್ತಿದರು, ಡಿಸ್ಕ್ ತೆರೆಯಿತು. ಇವರು ತೆಗೆದುಕೊಂಡದ್ದು 500 ಮಾತ್ರ. ಜೊತೆಗೆ ಆ ಕೀಯನ್ನು ಕಾಗದದ ಮೇಲೆ ಬರೆಸಿ ಅವನ ಪರ್ಸಿಗೆ ಹಾಕಿಸಿದರು.

ಹುಡುಗ ಹೋದ ಮೇಲೆ ನನ್ನ ಕಡೆ ತಿರುಗಿ ಕೇಳಿದರು. "ನೀವು ಬರೆದ ಸಾಫ್ಟ್‌ವೇರ್ ಯಾವುದಾದ್ರೂ ಕಂಪ್ಯೂಟರಲ್ಲಿ ಓಡ್ತಾ ಇದೆಯಾ?"

ಮಂಡಿಯಲ್ಲಿ ಓಡ್ತಾ ಇದೆ ಅಂದೆ.

"ಯಾವುದರಲ್ಲಿ ಬರೆದಿದ್ದು?"

ಸಿ ಶಾರ್ಪ್.

"ಹಂಗಾದ್ರೆ ಅಲ್ಲೇ ಇದೆಯಲ್ಲ ಸಾರ್ ನಿಮ್ಮ ಕೋಡು."

ನಾನು ಇಪ್ಪತ್ತು ವರ್ಷ ಪ್ರೋಗ್ರಾಂ ಬರೆದವನು, ಇದು ನನಗೆ ಹೊಳೆದಿರಲಿಲ್ಲ. ಸಿ ಶಾರ್ಪ್ ಓಡೋದು ಡಾಟ್‌ನೆಟ್ ಮೇಲೆ. ಡಾಟ್‌ನೆಟ್‌ನ ಪ್ರೋಗ್ರಾಂ ಪೂರ್ತಿ ಯಂತ್ರಭಾಷೆ ಆಗಿರಲ್ಲ, ಮಧ್ಯದ ಒಂದು ರೂಪದಲ್ಲಿ ಇರುತ್ತೆ. ಅದನ್ನು ವಾಪಸ್ ಸಿ ಶಾರ್ಪ್ ಮಾಡೋಕೆ ಐಎಲ್‌ಸ್ಪೈ ಅನ್ನೋ ಪುಕ್ಕಟೆ ಸಾಧನ ಇದೆ. ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದಿದ್ದರೆ ಇಷ್ಟು ಸುಲಭ ಇರಲಿಲ್ಲ.

ಹಾರ್ಡ್ ಡಿಸ್ಕಿನ ಪ್ರತಿ ಮುಗಿಯೋಕೆ ರಾತ್ರಿ ಪೂರ್ತಿ ಹಿಡಿಯಿತು. ಮರುದಿನ ಹೊಸ ಡಿಸ್ಕಿಗೆ ಹಾಕಿ ಕೊಟ್ಟರು. ಹಳೇ ಪ್ರಾಜೆಕ್ಟುಗಳು, ತಂಗಿ ಮದುವೆ ಫೋಟೋ, ಅಪ್ಪ ಇದ್ದಾಗಿನ ಒಂದು ವಿಡಿಯೋ, ನವೆಂಬರಿನ ಜಿಪ್, ಎಲ್ಲಾ ಬಂದಿತ್ತು. 6,500 ತೆಗೆದುಕೊಂಡರು. ಎಸ್‌ಎಸ್‌ಡಿಗೆ ಏನೂ ಇಲ್ಲ.

ಈಗ ದೂರು. ಒಂದು, ಬಿಲ್ ನಾನೇ ಕೇಳಿದ ಮೇಲೆ ಬಂತು, ಅದೂ ಗೊಣಗಿಕೊಂಡು. ಎರಡು, ಮಧ್ಯದಲ್ಲಿ ಫೋನ್ ಮಾಡಿದರೆ ಎತ್ತಲ್ಲ. ರಾತ್ರಿ ಲಾಡ್ಜಿನಲ್ಲಿ ನಿದ್ದೆ ಬಾರದೆ ಒದ್ದಾಡೋರಿಗೆ ಒಂದು ಮೆಸೇಜ್ ಹಾಕಿದರೆ ಏನು ಹೋಗುತ್ತೆ? ಮೂರನೆಯದು ನನಗೆ ನಿಜಕ್ಕೂ ಬೇಜಾರಾದದ್ದು. ಓದೋಕೆ ಆಗದೇ ಉಳಿದ ಜಾಗಗಳು ಒಂದಿಷ್ಟು ಇದ್ದವು, ಅವು ಯಾವ ಫೈಲಿನವು ಅಂತ ಪಟ್ಟಿ ಕೊಡಲಿಲ್ಲ. ಮ್ಯಾಪ್ ಫೈಲ್ ಕೊಟ್ಟಿದ್ದರೆ ನಾನೇ ಹುಡುಕಿಕೊಳ್ಳುತ್ತಿದ್ದೆ. ಕೇಳೋಷ್ಟರಲ್ಲಿ ಅಳಿಸಿಬಿಟ್ಟಿದ್ದರು. ಎರಡು ವಾರ ಆದ ಮೇಲೆ ಒಂದು ಹಳೇ ಫೋಟೋ ತೆರೆದರೆ ಕೆಳಗಿನ ಅರ್ಧ ಬೂದು ಬಣ್ಣ. ಒಂದು ಸ್ಟಾರ್ ಹೋದದ್ದು ಅಲ್ಲಿ. ಮೆಟ್ಟಿಲಿಗೆ ಕಳೆದಿಲ್ಲ.

ಊರಿಗೆ ಬಂದು ಸೀದಾ ಮಂಡಿಗೆ ಹೋದೆ. ರೈತರ ಲೆಕ್ಕ ಎಲ್ಲಾ ಅವರ ಕಂಪ್ಯೂಟರಿನಲ್ಲೇ ಇರೋದು, ಅದಕ್ಕೇನೂ ಆಗಿರಲಿಲ್ಲ. ಅಲ್ಲಿ ಹಾಕಿದ್ದ ಪ್ರೋಗ್ರಾಂ ಮಾರ್ಚ್ 28ರದ್ದು, ವರ್ಷದ ಲೆಕ್ಕ ಮುಗಿಸೋಕೆ ಅಂತ ಕೊಟ್ಟದ್ದು. ತಮಾಷೆ ಏನು ಅಂದರೆ ನಾವು ಲೆಕ್ಕ ಮುಗಿಸೋ ಮಾರ್ಚ್ 31 ವಿಶ್ವ ಬ್ಯಾಕಪ್ ದಿನ ಕೂಡ. ಆವತ್ತು ನಾನು ಮಂಡಿಯವರಿಗೆ ಅವರ ಡೇಟಾ ಬ್ಯಾಕಪ್ ತೆಗೆದುಕೊಟ್ಟು, ಊಟ ಮಾಡಿ, ಮನೆಗೆ ಬಂದು ಮಲಗಿದ್ದೆ.

ಐಎಲ್‌ಸ್ಪೈಗೆ ಆ ಫೈಲು ಕೊಟ್ಟೆ. ನಿಮಿಷದೊಳಗೆ ಕೋಡು ತೆರೆದುಕೊಂಡಿತು. ಕ್ಲಾಸುಗಳು, ಫಂಕ್ಷನ್ನುಗಳು, ಅವುಗಳ ಹೆಸರು, ಎಲ್ಲಾ ಇದ್ದವು. ಕಣ್ಣು ತುಂಬಿ ಬಂತು ಅಂದರೆ ನಗಬೇಡಿ. ಆಮೇಲೆ ನಿಧಾನಕ್ಕೆ ಓದತೊಡಗಿದೆ. ಫಂಕ್ಷನ್ ಒಳಗಿನ ಹೆಸರುಗಳು ಒಂದೂ ಇರಲಿಲ್ಲ. ನಾನು ಮುಂಗಡಬಡ್ಡಿ, ಚೀಲತೂಕ ಅಂತ ಇಟ್ಟಿದ್ದ ಕಡೆಯೆಲ್ಲ ನಮ್, ನಮ್2, ನಮ್3, ಫ್ಲ್ಯಾಗ್, ಟೆಕ್ಸ್ಟ್. ಆ ಹೆಸರುಗಳು ಪಿಡಿಬಿ ಅನ್ನೋ ಬೇರೆ ಫೈಲಿನಲ್ಲಿ ಇರುತ್ತವೆ, ಅದನ್ನು ನಾನು ಮಂಡಿಗೆ ಕೊಡೋ ಅಭ್ಯಾಸ ಇರಲಿಲ್ಲ.

ಕಾಮೆಂಟುಗಳು, ಅಂದರೆ ಕೋಡಿನ ನಡುವೆ ನನಗೇ ಅಂತ ಬರೆದುಕೊಂಡ ಟಿಪ್ಪಣಿಗಳು, ಪೂರ್ತಿ ಮಾಯ. ಅವು ಪ್ರೋಗ್ರಾಂ ಒಳಗೆ ಹೋಗೋದೇ ಇಲ್ಲ. ಆದರೆ "ರೈತರ ಹೆಸರು ಬರೆದಿಲ್ಲ", "ಈ ಲಾಟ್ ಆಗಲೇ ಮಾರಾಟ ಆಗಿದೆ" ಅಂತ ತೆರೆಯ ಮೇಲೆ ಬರೋ ಸಾಲುಗಳು ಒಂದಕ್ಷರ ಕೆಡದೆ ಕನ್ನಡದಲ್ಲೇ ಇದ್ದವು. ಬೇರೆಯವರಿಗೆ ಹೇಳಿದ ಮಾತೆಲ್ಲ ಉಳಿದಿತ್ತು. ನನಗೆ ನಾನೇ ಹೇಳಿಕೊಂಡ ಮಾತೆಲ್ಲ ಹೋಗಿತ್ತು.

ನವೆಂಬರಿನ ಜಿಪ್ಪಿನಲ್ಲಿ ಇದ್ದಷ್ಟು ಕಾಮೆಂಟು ಅದರಿಂದ ತೆಗೆದುಕೊಂಡೆ. ಏಪ್ರಿಲ್ಲಿನ ಟೆಂಡರ್ ಫಾರಂ ಎಲ್ಲೂ ಇರಲಿಲ್ಲ, ಮತ್ತೆ ಬರೆದೆ. ನಾಲ್ಕು ವಾರದ್ದು ಒಂಬತ್ತು ದಿನಕ್ಕೆ ಆಯಿತು. ಎರಡನೇ ಸಲ ಬರೆದರೆ ಚೆನ್ನಾಗಿ ಬರುತ್ತೆ ಅಂತಾರಲ್ಲ, ನನ್ನದು ಚಿಕ್ಕದಾಗಿ ಬಂತು ಅಷ್ಟೇ. ಇಬ್ಬರು ಖರೀದಿದಾರರು ಒಂದೇ ದರ ಹಾಕಿದರೆ ಏನು ಅನ್ನೋದನ್ನು ಮೊದಲ ಸಲ ಯೋಚಿಸಿದ್ದೆ, ಎರಡನೇ ಸಲ ಮರೆತಿದ್ದೆ. ಜೂನ್‌ನಲ್ಲಿ ಒಬ್ಬ ರೈತರು ಹಿಡಿದರು.

ಈಗಿನ ಏರ್ಪಾಡು ಕೇಳೋರಿಗೆ. ಪೀಟರ್ ಕ್ರೋಗ್ ಅನ್ನೋ ಫೋಟೋಗ್ರಾಫರ್ ಹೇಳಿದ 3-2-1 ಲೆಕ್ಕವನ್ನೇ ಹಿಡಿದಿದ್ದೇನೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಮನೆಯಿಂದ ಹೊರಗೆ. ಸಂಜೆ ಕೆಲಸ ಬಿಟ್ಟು ಏಳೋ ಮುಂಚೆ ಗಿಟ್‌ಹಬ್‌ಗೆ ಪುಶ್, ಅಂದರೆ ನೆಟ್‌ನಲ್ಲಿ ಕೋಡ್ ಇಟ್ಟುಕೊಳ್ಳೋ ಜಾಗಕ್ಕೆ ಕಳಿಸೋದು. ಅಲ್ಲಿ ಬೇರೆಯವರಿಗೆ ಕಾಣದ ಖಾಸಗಿ ರೆಪೊ 2019ರಿಂದಲೇ ಪುಕ್ಕಟೆ, ದುಡ್ಡಿನ ನೆಪ ಹೇಳೋ ಹಾಗೂ ಇರಲಿಲ್ಲ. ಗಿಟ್ಟಿನಲ್ಲಿ ಇಲ್ಲದ ಫೈಲುಗಳಿಗೆ, ಪಿಡಿಬಿ ಸಮೇತ, ರೆಸ್ಟಿಕ್ ಅನ್ನೋ ಬ್ಯಾಕಪ್ ಸಾಧನ. ರಾತ್ರಿ ತಾನೇ ಓಡಿ ಹೊರಗಿನ ಡಿಸ್ಕಿಗೆ ಹಾಕುತ್ತೆ. ಬದಲಾದದ್ದನ್ನು ಮಾತ್ರ ಸೇರಿಸುತ್ತೆ, ಅದರಿಂದ ಬೇಗ ಮುಗಿಯುತ್ತೆ. ಬೀಗ ಹಾಕದೆ ಅದು ಏನನ್ನೂ ಇಡಲ್ಲ, ಪಾಸ್‌ವರ್ಡ್ ಮರೆತರೆ ದೇವರೂ ತೆಗೆಯಲ್ಲ. ಪಾಸ್‌ವರ್ಡ್ ಕಾಗದದಲ್ಲಿದೆ, ಕಾಗದ ಅಮ್ಮನಿಗೆ ಗೊತ್ತು. ಮಳೆಗಾಲದಲ್ಲಿ ನಮ್ಮ ಕಡೆ ನೆಟ್ ಹೋದರೆ ಎರಡು ದಿನ ಬರಲ್ಲ. ಅದಕ್ಕೆ ಗಿಟ್ ಬಂಡಲ್ ಅನ್ನೋ ಕಮಾಂಡಿನಿಂದ ಇಡೀ ಚರಿತ್ರೆಯನ್ನು ಒಂದೇ ಫೈಲ್ ಮಾಡಿ ಪೆನ್‌ಡ್ರೈವಿಗೆ ಹಾಕಿ ವಾರಕ್ಕೊಮ್ಮೆ ಮಂಡಿಗೆ ಒಯ್ಯುತ್ತೇನೆ. ಅದು ಅವರ ತಿಜೋರಿಯಲ್ಲಿ ಇರುತ್ತೆ, ರೈತರ ಪ್ರಾಮಿಸರಿ ನೋಟುಗಳ ಜೊತೆ.

ಇಟ್ಟದ್ದು ವಾಪಸ್ ಬರುತ್ತಾ ಅಂತ ನೋಡೋದೂ ಇದೆ. 2017ರ ಜನವರಿ 31ರಂದು, ಗಿಟ್‌ಹಬ್‌ನಂಥದ್ದೇ ಇನ್ನೊಂದು ಕಂಪನಿಯಾದ ಗಿಟ್‌ಲ್ಯಾಬ್‌ನಲ್ಲಿ ಒಬ್ಬ ಇಂಜಿನಿಯರ್ ತಪ್ಪು ಸರ್ವರಿನಲ್ಲಿ 300 ಜಿಬಿ ಡೇಟಾಬೇಸ್ ಅಳಿಸಿಬಿಟ್ಟರು. ಐದು ಬಗೆಯ ಬ್ಯಾಕಪ್ ಇತ್ತು, ಒಂದೂ ಸರಿಯಾಗಿ ಕೆಲಸ ಮಾಡಿರಲಿಲ್ಲ ಅಂತ ಅವರೇ ಒಪ್ಪಿಕೊಂಡರು. ಆರು ಗಂಟೆ ಮುಂಚೆ ಬೇರೇನೋ ಕೆಲಸಕ್ಕೆ ತೆಗೆದಿದ್ದ ಒಂದು ಪ್ರತಿ ಕೈಹಿಡಿಯಿತು. ಅಷ್ಟು ದೊಡ್ಡವರಿಗೇ ಹಾಗೆ. ನಾನು ಅಮಾವಾಸ್ಯೆ ದಿನ ಹೊಸ ಕೋಡ್ ಬರೆಯಲ್ಲ. ಆವತ್ತು ಹಳೇ ಲ್ಯಾಪ್‌ಟಾಪಿಗೆ ಎಲ್ಲವನ್ನೂ ಇಳಿಸಿ, ಬಿಲ್ಡ್ ಮಾಡಿ, ಒಂದು ಪಟ್ಟಿ ಪ್ರಿಂಟ್ ಹಾಕಿ ನೋಡುತ್ತೇನೆ. ಮಗ ಕೊನೆಗೂ ಅಮಾವಾಸ್ಯೆ ಪಾಲಿಸ್ತಿದ್ದಾನೆ ಅಂತ ಅಮ್ಮನಿಗೆ ಖುಷಿ.

ಆ ಅಂಗಡಿಗೆ ಹೋಗೋರು ಭಾನುವಾರ ಬಿಟ್ಟು ಹೋಗಿ. ಹನ್ನೊಂದರ ಮೇಲೆ ಹೋಗಿ. ಕೆಟ್ಟ ಮೇಲೆ ಎಷ್ಟು ಸಲ ಕರೆಂಟ್ ಕೊಟ್ಟಿರಿ ಅಂತ ಸುಳ್ಳು ಹೇಳಬೇಡಿ. ಮ್ಯಾಪ್ ಫೈಲ್ ಬೇಕು ಅಂತ ಮೊದಲೇ ಹೇಳಿ. ಕತ್ತರಿಸಿದ ಆ ಡಯೋಡ್ ನನ್ನ ಮಾನಿಟರಿನ ಕೆಳಗೆ ಟೇಪ್ ಹಾಕಿ ಅಂಟಿಸಿಕೊಂಡಿದ್ದೇನೆ.

ಕೋಡಿನಲ್ಲಿ ಒಂದು ಗಂಟು ಮಾತ್ರ ಹಾಗೇ ಉಳಿದಿದೆ. ಈ ಸೀಸನ್ನಿನಲ್ಲಿ ಮುಂಗಡದ ಬಡ್ಡಿ ಲೆಕ್ಕಕ್ಕೆ ಒಂದು ಸಾಲು ಸೇರಿಸಿದ್ದೆ. ತಿಂಗಳು ಅಂದರೆ 30 ದಿನ, ಫೆಬ್ರವರಿಗೂ 30, ಅದು ಮಂಡಿಯ ಹಳೇ ಪದ್ಧತಿ, ನೆನಪಿದೆ. ಆದರೆ ತಿಂಗಳ ಮೇಲೆ ಉಳಿದ ದಿನ ಐದಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಬಡ್ಡಿ ಅಂತ ಹಾಕಿದ್ದೇನೆ. ಐದೇ ಯಾಕೆ? ಅದರ ಮೇಲೆ ನಾಲ್ಕು ಸಾಲು ಕಾಮೆಂಟ್ ಬರೆದಿದ್ದೆ ಅನ್ನೋದು ಮಾತ್ರ ನೆನಪು. ಮಂಡಿ ಮ್ಯಾನೇಜರ್‌ಗೆ ಫೋನ್ ಮಾಡಿ ಕೇಳಿದೆ.

"ನೀವೇ ಹಾಕಿದ್ದಲ್ವಾ?" ಅಂದರು.

ಈಗ ಅಲ್ಲಿ ಹೊಸ ಕಾಮೆಂಟ್ ಇದೆ: "ಐದು ಯಾಕೆ ಅಂತ ಗೊತ್ತಿಲ್ಲ. ಮುಟ್ಟಬೇಡ."